ಎಂಟು ಮಂದಿ ಸಜ್ಜನರಿಗೆ ಬರೆದ ಪತ್ರ

ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ನಮಗೆ ನೆನಪಾಗುವುದು 1963ರ ಆಗಸ್ಟ್ 28ರಂದು ವಾಷಿಂಗ್ಟನ್ ನಗರದಲ್ಲಿ ಸುಮಾರು 2,50,000 ಜನರ ಮುಂದೆ ಅವರು ಮಾಡಿದ ಕನಸಿನ ಭಾಷಣ. ಶಾಲೆಯ ಸ್ಪರ್ಧೆಗಳಲ್ಲಿ ಮಕ್ಕಳು ಅದನ್ನು ಒಪ್ಪಿಸುತ್ತಾರೆ. ಗುರುಗಳ ಪ್ರಬೋಧನೆಗಳಲ್ಲಿಯೂ ಅದು ಆಗಾಗ ಬರುತ್ತದೆ. ಆ ಭಾಷಣದಲ್ಲಿ ನಾವು ನೆನಪಿಟ್ಟುಕೊಂಡಿರುವ ಭಾಗ ಯಾರನ್ನೂ ನೋಯಿಸುವಂಥದಲ್ಲ. ಅದಕ್ಕೆ ನಾಲ್ಕು ತಿಂಗಳ ಹಿಂದೆ ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಲ್ಲಿ ಕುಳಿತು ಅವರು ಬರೆದ ದೀರ್ಘ ಪತ್ರ ಮಾತ್ರ ಹಾಗಲ್ಲ. ಅದು ಓದುವವನನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ.

ಆ ಪತ್ರ ವರ್ಣದ್ವೇಷಿಗಳನ್ನು ಉದ್ದೇಶಿಸಿದ್ದಲ್ಲ. ಅದು ಎಂಟು ಮಂದಿ ಗೌರವಾನ್ವಿತ ಧರ್ಮನಾಯಕರಿಗೆ ಬರೆದದ್ದು. ಅವರಲ್ಲೊಬ್ಬರು ಕಥೋಲಿಕ ಧರ್ಮಾಧ್ಯಕ್ಷರು. ಕಿಂಗ್ ಅವರು ಬಿಟ್ಟುಹೋದ ಆಸ್ತಿಯ ತಿರುಳು ಈ ಪತ್ರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಓದದೆ ಅವರನ್ನು ಹೊಗಳುವುದು ಸುಲಭ. ಓದಿದ ಮೇಲೆ ಬರಿಯ ಹೊಗಳಿಕೆ ಸಾಲದೆನಿಸುತ್ತದೆ.

ಶುಭ ಶುಕ್ರವಾರದ ಬಂಧನ

1929ರ ಜನವರಿ 15ರಂದು ಅಟ್ಲಾಂಟ ನಗರದಲ್ಲಿ ಜನಿಸಿದ ಕಿಂಗ್, ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗ. ತಾವೂ ದೈವಶಾಸ್ತ್ರ ಓದಿ, 1954ರಲ್ಲಿ ಅಲಬಾಮ ರಾಜ್ಯದ ಮಾಂಟ್‌ಗೊಮರಿಯ ಒಂದು ಸಭೆಗೆ ಬೋಧಕರಾಗಿ ಬಂದರು. ಮರುವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ತನ್ನ ಆಸನ ಬಿಟ್ಟುಕೊಡಲೊಪ್ಪದೆ ಬಂಧನಕ್ಕೆ ಒಳಗಾದರು. ಅದರಿಂದ ಆರಂಭವಾದ ಬಸ್ ಬಹಿಷ್ಕಾರ 381 ದಿನ ನಡೆದು, ಬಸ್ಸುಗಳಲ್ಲಿನ ಭೇದವನ್ನು ಕೊನೆಗಾಣಿಸಿತು. ನಡುವೆ ಕಿಂಗ್ ಅವರ ಮನೆಯ ಮೇಲೆ ಬಾಂಬು ಬಿತ್ತು. ಪತ್ನಿಯೂ ಹಸುಗೂಸೂ ಒಳಗಿದ್ದರು. ಸಿಟ್ಟಿನಿಂದ ಸೇರಿದ್ದ ಜನರಿಗೆ, ಆಯುಧ ತಂದಿದ್ದರೆ ಮನೆಗೆ ಒಯ್ಯಿರಿ ಎಂದು ಅವರು ಬುದ್ಧಿ ಹೇಳಿದರು. ತಮ್ಮ ಹೋರಾಟಕ್ಕೆ ಚೈತನ್ಯ ಕ್ರಿಸ್ತರಿಂದ, ವಿಧಾನ ಗಾಂಧೀಜಿಯಿಂದ ಎಂದು ಅವರೇ ಹೇಳಿಕೊಂಡಿದ್ದಾರೆ.

1963ರಲ್ಲಿ ಅವರು ಬರ್ಮಿಂಗ್‌ಹ್ಯಾಮ್‌ಗೆ ಬಂದದ್ದು ಅಲ್ಲಿನ ಬೋಧಕ ಫ್ರೆಡ್ ಶಟಲ್ಸ್‌ವರ್ತ್ ಮತ್ತು ಸಂಗಡಿಗರ ಕರೆಯ ಮೇರೆಗೆ. ಅಂಗಡಿಗಳು ಕಪ್ಪು ಜನರ ಹಣ ಪಡೆಯುತ್ತಿದ್ದವು. ಅಲ್ಲಿನ ಊಟದ ಕಟ್ಟೆಯಲ್ಲಿ ಕೂರಲು ಅವರಿಗೆ ಅನುಮತಿಯಿರಲಿಲ್ಲ. ಅವಮಾನಕರ ಫಲಕಗಳನ್ನು ತೆಗೆಯುವುದಾಗಿ ವ್ಯಾಪಾರಿಗಳು ಮಾತು ಕೊಟ್ಟಿದ್ದರು; ಕೆಲವರು ತೆಗೆದರು, ಸ್ವಲ್ಪ ದಿನದಲ್ಲೇ ಫಲಕಗಳು ಮತ್ತೆ ಮೇಲೇರಿದವು. ಏಪ್ರಿಲ್ 3ರಂದು ಚಳವಳಿ ಆರಂಭವಾಯಿತು. ಮೆರವಣಿಗೆಗಳಿಗೆ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದನ್ನು ಬಹಿರಂಗವಾಗಿ ಮೀರಿ, ಏಪ್ರಿಲ್ 12ರ ಶುಭ ಶುಕ್ರವಾರದಂದು ಕಿಂಗ್ ಬಂಧಿತರಾದರು.

ಎಂಟು ಮಂದಿ ಯಾರು?

ಅದೇ ದಿನ ನಗರದ ಪತ್ರಿಕೆಯಲ್ಲಿ ಎಂಟು ಮಂದಿ ಬಿಳಿಯ ಧರ್ಮನಾಯಕರ ಹೇಳಿಕೆ ಪ್ರಕಟವಾಯಿತು. ಎಪಿಸ್ಕೋಪಲ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ನಾಯಕರು, ಯೆಹೂದ್ಯ ರಬ್ಬಿಯೊಬ್ಬರು, ಮತ್ತು ಮೊಬೈಲ್-ಬರ್ಮಿಂಗ್‌ಹ್ಯಾಮ್ ಧರ್ಮಕ್ಷೇತ್ರದ ಸಹಾಯಕ ಧರ್ಮಾಧ್ಯಕ್ಷ ಜೋಸೆಫ್ ಡ್ಯೂರಿಕ್ ಅದಕ್ಕೆ ಸಹಿ ಹಾಕಿದ್ದರು. ಪ್ರತಿಭಟನೆಗಳು ವಿವೇಕವಲ್ಲ, ಇದು ಸಕಾಲವಲ್ಲ. ಹಕ್ಕುಗಳನ್ನು ಬೀದಿಯಲ್ಲಿ ಕೇಳದೆ ನ್ಯಾಯಾಲಯದಲ್ಲಿಯೂ ಸ್ಥಳೀಯ ಮಾತುಕತೆಯಲ್ಲಿಯೂ ಪಡೆಯಬೇಕು. ಹೊರಗಿನವರ ನೇತೃತ್ವ ಬೇಡ ಎಂಬುದು ಅದರ ಸಾರ.

ಇವರು ದುಷ್ಟರಾಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ಅಲಬಾಮದ ರಾಜ್ಯಪಾಲ ಜಾರ್ಜ್ ವಾಲೆಸ್ ವರ್ಣಭೇದವನ್ನು ಶಾಶ್ವತಗೊಳಿಸುವುದಾಗಿ ಗರ್ಜಿಸಿದಾಗ, ನ್ಯಾಯಾಲಯದ ತೀರ್ಪುಗಳಿಗೆ ತಲೆಬಾಗಬೇಕೆಂದು ಹೇಳಿಕೆ ನೀಡಿದವರು ಇವರೇ. ಆ ಕಾಲದ ಅಲಬಾಮದಲ್ಲಿ ಅಷ್ಟು ಹೇಳುವುದಕ್ಕೂ ಧೈರ್ಯ ಬೇಕಿತ್ತು. ಪತ್ರದ ಬಿಸಿ ನಮಗೆ ತಟ್ಟಬೇಕಾದರೆ ಇದನ್ನು ಮರೆಯಬಾರದು. ಕಿಂಗ್ ವಾದ ಹೂಡಿದ್ದು ಒಳ್ಳೆಯವರೊಡನೆ.

ಪತ್ರದ ವಾದ

ಆ ಹೇಳಿಕೆಯಿದ್ದ ಪತ್ರಿಕೆಯ ಅಂಚುಗಳಲ್ಲಿ, ಆಮೇಲೆ ಸಿಕ್ಕ ಚೂರುಪಾರು ಕಾಗದಗಳಲ್ಲಿ ಕಿಂಗ್ ಉತ್ತರ ಬರೆಯತೊಡಗಿದರು. ಪತ್ರದ ದಿನಾಂಕ ಏಪ್ರಿಲ್ 16.

ಅವರು ಹೊರಗಿನವರೆಂಬ ಆಕ್ಷೇಪಕ್ಕೆ ಮೊದಲ ಉತ್ತರ. ಸ್ವಗ್ರಾಮ ಬಿಟ್ಟು ಹೋದ ಪ್ರವಾದಿಗಳನ್ನೂ ತಾರ್ಸದಿಂದ ಹೊರಟ ಪ್ರೇಷಿತ ಪೌಲರನ್ನೂ ಅವರು ನೆನಪಿಸುತ್ತಾರೆ. ಮುಂದೆ, ಅಹಿಂಸಾ ಚಳವಳಿಯ ನಾಲ್ಕು ಹಂತಗಳನ್ನು ವಿವರಿಸುತ್ತಾರೆ: ಅನ್ಯಾಯವಿದೆಯೇ ಎಂದು ಸಂಗತಿ ಸಂಗ್ರಹಿಸುವುದು, ಮಾತುಕತೆ, ಆತ್ಮಶುದ್ಧಿ, ಕಡೆಗೆ ನೇರ ಕ್ರಮ. ಹೊಡೆದರೆ ತಿರುಗಿ ಹೊಡೆಯದಿರಬಲ್ಲೆನೇ, ಸೆರೆವಾಸ ಸಹಿಸಬಲ್ಲೆನೇ ಎಂದು ಸ್ವಯಂಸೇವಕರು ತಮ್ಮನ್ನೇ ಕೇಳಿಕೊಳ್ಳಬೇಕಿತ್ತು. ಅಹಿಂಸೆಯೆಂದರೆ ಸುಮ್ಮನಿರುವುದೆಂದು ತಿಳಿದವರಿಗೆ ಈ ಶಿಸ್ತು ಬೆರಗು ಹುಟ್ಟಿಸುತ್ತದೆ.

ಪತ್ರದ ಹೃದಯವಿರುವುದು ಕಾಯುವಿಕೆಯ ಕುರಿತ ಭಾಗದಲ್ಲಿ. ಸ್ವಲ್ಪ ಕಾಯಿರಿ ಎಂಬ ಸಲಹೆಗೆ ಕಿಂಗ್ ಮುನ್ನೂರಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯದಲ್ಲಿ ಉತ್ತರಿಸುತ್ತಾರೆ. ಜನರ ಗುಂಪು ಹೊಡೆದು ಕೊಂದ ತಂದೆತಾಯಿಗಳು, ದೂರದ ಪಯಣದಲ್ಲಿ ತಂಗಲು ಕೋಣೆ ಸಿಗದೆ ಕಾರಿನಲ್ಲೇ ಕಳೆಯುವ ರಾತ್ರಿಗಳು, ಹೆಸರಿನ ಬದಲು ಕೇಳಬೇಕಾದ ಬೈಗುಳ ಒಂದರ ಮೇಲೊಂದು ಬರುತ್ತವೆ. ಅವುಗಳ ನಡುವೆ, ದೂರದರ್ಶನದಲ್ಲಿ ಜಾಹೀರಾತು ಕಂಡು ಮನರಂಜನಾ ಉದ್ಯಾನಕ್ಕೆ ಹೋಗೋಣವೆನ್ನುವ ಆರು ವರ್ಷದ ಮಗಳಿಗೆ, ಅಲ್ಲಿ ನಿನಗೆ ಪ್ರವೇಶವಿಲ್ಲವೆಂದು ಹೇಳಲು ತಂದೆಯ ನಾಲಿಗೆ ತೊದಲುತ್ತದೆ. ಪೂರ್ಣವಿರಾಮಕ್ಕಾಗಿ ಓದುಗನೂ ಕಾದು ಕಾದು ದಣಿಯುತ್ತಾನೆ. ಕಾಯುವ ಸಂಕಟ ಎಂಥದೆಂದು ಆ ವಾಕ್ಯವೇ ತೋರಿಸಿಕೊಡುತ್ತದೆ.

ಕಡೆಯ ಪೆಟ್ಟು ಧರ್ಮಸಭೆಗೆ. ತಮ್ಮ ಜನರ ದಾರಿಗೆ ದೊಡ್ಡ ತಡೆ ಮುಖವಾಡ ತೊಟ್ಟ ದ್ವೇಷಿಗಳೋ ಅಥವಾ ನ್ಯಾಯಕ್ಕಿಂತ ಶಾಂತಿಯನ್ನೇ ಹೆಚ್ಚು ಬಯಸುವ ಮಿತವಾದಿಗಳೋ ಎಂದು ಕೇಳಿಕೊಂಡು, ಎರಡನೆಯವರೆಂಬ ತೀರ್ಮಾನದತ್ತ ಅವರು ಬರುತ್ತಾರೆ. ಆದಿ ಧರ್ಮಸಭೆ ಸಮಾಜದ ಉಷ್ಣತೆಯನ್ನು ಬದಲಿಸುತ್ತಿತ್ತು, ಇಂದಿನದು ಅದನ್ನು ಅಳೆದು ತೋರಿಸುವುದಷ್ಟೇ ಎಂಬುದು ಅವರ ದೂರು. ಮೆಚ್ಚಬೇಕಾದದ್ದನ್ನೂ ಅವರು ಮರೆಯಲಿಲ್ಲ. ಆ ಪಾಸ್ಕ ಭಾನುವಾರ ಕಪ್ಪು ಜನರನ್ನು ಆರಾಧನೆಗೆ ಸ್ವಾಗತಿಸಿದ ಬ್ಯಾಪ್ಟಿಸ್ಟ್ ಬೋಧಕ ಅರ್ಲ್ ಸ್ಟಾಲಿಂಗ್ಸ್ ಅವರನ್ನೂ, ಯೇಸುಸಭೆಯ ಸ್ಪ್ರಿಂಗ್ ಹಿಲ್ ಕಾಲೇಜಿನಲ್ಲಿ ಎಲ್ಲ ವರ್ಣದವರಿಗೂ ಪ್ರವೇಶ ನೀಡಿದ ಕಥೋಲಿಕ ನಾಯಕರನ್ನೂ ಅವರು ಕೊಂಡಾಡುತ್ತಾರೆ.

ಅದೇ ವಾರದ ಇನ್ನೊಂದು ದಾಖಲೆ

ಕಾನೂನು ಮುರಿಯುವುದು ಸರಿಯೇ ಎಂಬ ಪ್ರಶ್ನೆಗೆ ಕಿಂಗ್ ಉತ್ತರ ಹುಡುಕಿದ್ದು ನಮ್ಮ ಸಂತರಲ್ಲಿ. ಅನ್ಯಾಯದ ಕಾನೂನು ಕಾನೂನೇ ಅಲ್ಲವೆಂಬ ಸಂತ ಅಗಸ್ಟಿನರ ಅಭಿಪ್ರಾಯವನ್ನೂ, ಮಾನವ ನಿಯಮಕ್ಕೆ ಶಾಶ್ವತ ನಿಯಮದಲ್ಲಿ ಬೇರಿರಬೇಕೆಂಬ ಸಂತ ತೋಮಸ್ ಅಕ್ವಿನಾಸರ ವಿಚಾರವನ್ನೂ ಅವರು ಮುಂದಿಡುತ್ತಾರೆ. ಮನುಷ್ಯನ ವ್ಯಕ್ತಿತ್ವವನ್ನು ಕುಗ್ಗಿಸುವ ಕಾನೂನು ಅನ್ಯಾಯದ್ದು. ಅದನ್ನು ಮೀರುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮೀರಬೇಕು. ಕಿಂಗ್ ಇದನ್ನು ಹೇಳಿ ಬಿಡಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟು ಈ ಪ್ರಕರಣದ ಶಿಕ್ಷೆಯನ್ನು ಎತ್ತಿಹಿಡಿದಾಗ, ಮರಳಿ ಅಲಬಾಮಕ್ಕೆ ಹೋಗಿ ಸೆರೆವಾಸ ಅನುಭವಿಸಿದರು.

ಕಿಂಗ್ ಬಂಧನದ ಹಿಂದಿನ ದಿನ, ಅಂದರೆ 1963ರ ಏಪ್ರಿಲ್ 11ರ ಪವಿತ್ರ ಗುರುವಾರದಂದು, ರೋಮಿನಲ್ಲಿ ಪೋಪ್ ಇಪ್ಪತ್ತಮೂರನೇ ಜಾನರು ‘ಪಾಚೆಮ್ ಇನ್ ತೆರಿಸ್’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ನೈತಿಕ ವ್ಯವಸ್ಥೆಗೆ ವಿರುದ್ಧವಾದ ಕಾನೂನು ಆತ್ಮಸಾಕ್ಷಿಯನ್ನು ಕಟ್ಟಿಹಾಕಲಾರದು ಎಂದು ಅದರಲ್ಲಿಯೂ ಅಕ್ವಿನಾಸರ ಆಧಾರದ ಮೇಲೆಯೇ ಹೇಳಲಾಗಿದೆ. ಒಂದೇ ವಾರದಲ್ಲಿ ರೋಮಿನ ಜಗದ್ಗುರುಗಳೂ ಅಲಬಾಮದ ಸೆರೆಯಾಳೂ ಒಂದೇ ಬಾವಿಯ ನೀರು ಸೇದಿದ್ದರು. ಆ ನೀರು ನಮ್ಮ ಮನೆಯ ಬಾವಿಯದೇ ಎಂದು ಕಥೋಲಿಕ ಧರ್ಮಾಧ್ಯಕ್ಷರೊಬ್ಬರಿಗೆ ನೆನಪಿಸಲು ಬ್ಯಾಪ್ಟಿಸ್ಟ್ ಬೋಧಕರೊಬ್ಬರು ಬೇಕಾಯಿತು.

ಪ್ರಶ್ನಿಸಬೇಕಾದ ಸಂಗತಿಗಳು

ಪತ್ರವೂ ಪತ್ರ ಬರೆದವರೂ ವಿಮರ್ಶೆಗೆ ಅತೀತರಲ್ಲ. ಈ ಎಂಟು ಮಂದಿ ಜನವರಿಯಲ್ಲಿ ತೋರಿದ್ದ ಧೈರ್ಯವನ್ನು ಪತ್ರ ನೆನೆಯುವುದಿಲ್ಲ. ಬಿಳಿಯರ ಮಿತವಾದಕ್ಕೇ ಅವರು ಹೆಸರಾಗಿ ಉಳಿದುಬಿಟ್ಟರು. ಇದರಲ್ಲಿ ಅವರಿಗೆ ಕೊಂಚ ಅನ್ಯಾಯವಾಗಿದೆ.

ಎರಡನೆಯದು ಇನ್ನೂ ಗಂಭೀರವಾದದ್ದು. ಪತ್ರ ಬರೆದ ಎರಡು ವಾರಗಳಲ್ಲಿ, ಮೇ 2ರಿಂದ, ಶಾಲಾಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಅವರ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟರು, ಅಗ್ನಿಶಾಮಕ ಕೊಳವೆಗಳ ನೀರು ಹಾಯಿಸಿದರು. ಆ ಚಿತ್ರಗಳು ಜಗತ್ತಿನ ಮನಸ್ಸು ಕಲಕಿದವು. ಮೇ 10ರಂದು ಒಪ್ಪಂದವಾಯಿತು. ಆದರೆ ಹಿರಿಯರ ಹೋರಾಟದ ಮುಂಚೂಣಿಗೆ ಮಕ್ಕಳನ್ನು ತರಬಹುದೇ? ಕಿಂಗ್ ಅವರೂ ಮೊದಲು ಹಿಂಜರಿದಿದ್ದರು. ವರ್ಣಭೇದ ಮಕ್ಕಳನ್ನು ಹೇಗೂ ಬಿಟ್ಟಿರಲಿಲ್ಲ, ಅದೇ ಸೆಪ್ಟೆಂಬರ್ 15ರಂದು ಆ ನಗರದ ದೇವಾಲಯದಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು ಎಂಬುದು ನಿಜ. ಆದರೂ ಆ ಪ್ರಶ್ನೆಗೆ ಸಮಾಧಾನಕರ ಉತ್ತರ ನನಗೆ ಕಾಣದು.

ಅವರ ವೈಯಕ್ತಿಕ ದೋಷಗಳೂ ಈಗ ಗುಟ್ಟಲ್ಲ. ಡಾಕ್ಟರೇಟ್ ಪ್ರಬಂಧದ ಭಾಗಗಳು ಬೇರೆಯವರ ಬರಹದಿಂದ ಎತ್ತಿಕೊಂಡವು ಎಂದು ಬಾಸ್ಟನ್ ವಿಶ್ವವಿದ್ಯಾಲಯವೇ 1991ರಲ್ಲಿ ನಿರ್ಣಯಿಸಿತು. ದಾಂಪತ್ಯನಿಷ್ಠೆಯಲ್ಲಿ ಅವರು ಎಡವಿದ್ದನ್ನು ಆಪ್ತಮಿತ್ರ ರಾಲ್ಫ್ ಅಬರ್ನಾಥಿ 1989ರ ಆತ್ಮಕಥೆಯಲ್ಲಿ ಬರೆದರು. ಮಾಂಟ್‌ಗೊಮರಿಯ ಬಹಿಷ್ಕಾರಕ್ಕೆ ರಾತ್ರೋರಾತ್ರಿ ಕರಪತ್ರ ಅಚ್ಚುಹಾಕಿದ ಜೋ ಆ್ಯನ್ ರಾಬಿನ್ಸನ್, ಸಂಘಟನೆಗೆ ಬೆನ್ನೆಲುಬಾಗಿದ್ದ ಎಲಾ ಬೇಕರ್ ಮುಂತಾದ ಮಹಿಳೆಯರಿಗೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ. ಇವುಗಳನ್ನು ಮುಚ್ಚಿಡುವುದು ಬೇಡ. ದಾವೀದನ ಪಾಪವನ್ನು ಪವಿತ್ರ ಗ್ರಂಥ ಮುಚ್ಚಿಡಲಿಲ್ಲ. ಅವನ ಕೀರ್ತನೆಗಳನ್ನು ನಾವು ಹಾಡುವುದನ್ನೂ ಬಿಟ್ಟಿಲ್ಲ.

ಧರ್ಮಾಧ್ಯಕ್ಷರ ಉತ್ತರ

ಕಿಂಗ್ ಅವರ ಹೋರಾಟದ ಫಲವನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆಗಳಿಂದ ಅಳೆಯುವುದು ವಾಡಿಕೆ. ಆದರೆ ಕಾಯ್ದೆಗಳು ಸವೆಯುತ್ತವೆ. ಎರಡನೆಯದರ ಮುಖ್ಯ ಅಂಶವೊಂದನ್ನು 2013ರಲ್ಲಿ ಸುಪ್ರೀಂ ಕೋರ್ಟು ನಿಷ್ಕ್ರಿಯಗೊಳಿಸಿತು. ನನಗೆ ಇನ್ನೊಂದು ಅಳತೆಗೋಲು ಮುಖ್ಯವೆನಿಸುತ್ತದೆ. ಪತ್ರ ಪಡೆದವರಲ್ಲಿ ಯಾರ ಮನಸ್ಸಾದರೂ ತಿರುಗಿತೇ?

ಧರ್ಮಾಧ್ಯಕ್ಷ ಡ್ಯೂರಿಕ್ ಅವರ ಮನಸ್ಸು ತಿರುಗಿತು. 1963ರ ಕೊನೆಯಲ್ಲಿ ಅವರು ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್ ಧರ್ಮಕ್ಷೇತ್ರಕ್ಕೆ ನೇಮಕಗೊಂಡರು. ಮುಂದಿನ ವರ್ಷಗಳಲ್ಲಿ ಜನಾಂಗೀಯ ನ್ಯಾಯದ ಪರವಾಗಿ ಬಹಿರಂಗವಾಗಿ ಮಾತಾಡಿದರು. ಅದಕ್ಕಾಗಿ ತಮ್ಮವರಿಂದಲೇ ವಿರೋಧ ಕಟ್ಟಿಕೊಂಡರು. ಆಗ ಮೆಂಫಿಸ್ ನಗರವೂ ಅವರ ಧರ್ಮಕ್ಷೇತ್ರಕ್ಕೆ ಸೇರಿತ್ತು. 1968ರ ಫೆಬ್ರವರಿಯಲ್ಲಿ ಕಸದ ಲಾರಿಯೊಳಗೆ ಸಿಲುಕಿ ಇಬ್ಬರು ಪೌರಕಾರ್ಮಿಕರು ಸತ್ತ ಮೇಲೆ ಅಲ್ಲಿ ಮುಷ್ಕರ ಆರಂಭವಾಯಿತು. ಅದಕ್ಕೆ ಬೆಂಬಲವಾಗಿ ಬಂದ ಕಿಂಗ್, ಏಪ್ರಿಲ್ 3ರ ರಾತ್ರಿ ತಮ್ಮ ಕಡೆಯ ಭಾಷಣದಲ್ಲಿ ಒಳ್ಳೆಯ ಸಮಾರಿಯನ ಸಾಮತಿಯನ್ನು ವಿವರಿಸಿದರು: ಯಾಜಕನೂ ಲೇವಿಯನೂ ನಿಂತರೆ ನಮಗೇನಾದೀತೆಂದು ಅಂಜಿದರು, ಸಮಾರಿಯದವನು ನಾನು ನಿಲ್ಲದಿದ್ದರೆ ಇವನಿಗೇನಾದೀತೆಂದು ಯೋಚಿಸಿದ. ಮರುದಿನ ಸಂಜೆ ಕಿಂಗ್ ಗುಂಡಿಗೆ ಬಲಿಯಾದರು. ಆಗ ಅವರಿಗೆ 39 ವರ್ಷ. ಡ್ಯೂರಿಕ್ ಅವರು 1975ರಲ್ಲಿ ಧರ್ಮಾಧ್ಯಕ್ಷ ಪದವಿಯನ್ನೇ ತೊರೆದು ಸೆರೆಯಾಳುಗಳ ಸೇವೆಗೆ ನಿಂತರು. ಸೆರೆಮನೆಯಿಂದ ಬಂದ ಪತ್ರಕ್ಕೆ ಇದಕ್ಕಿಂತ ತಕ್ಕ ಉತ್ತರವನ್ನು ಯಾರು ಬರೆದಾರು?

ನಮಗೆ ತಲುಪಬೇಕಾದ ಪತ್ರ

1959ರಲ್ಲಿ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಅವರನ್ನು ಅಮೆರಿಕದ ಅಸ್ಪೃಶ್ಯನೆಂದು ಪರಿಚಯಿಸಲಾಯಿತು. ಮೊದಲು ಬೇಸರವಾಯಿತಾದರೂ ಅದು ನಿಜವೆಂದು ಆಮೇಲೆ ಹೊಳೆಯಿತೆಂದು 1965ರ ಬೋಧನೆಯೊಂದರಲ್ಲಿ ಅವರು ಹೇಳಿದ್ದಾರೆ. ಅವರ ನೋವಿಗೂ ನಮ್ಮ ನೆಲದ ನೋವಿಗೂ ನಂಟು ಕಲ್ಪಿಸಿದವರು ಅವರೇ. ನಮ್ಮ ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆ, ಅದು ಪಾಪ ಎಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಸಮಾಧಿಭೂಮಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಜಾತಿ ಇಣುಕುವುದನ್ನು ಬಲ್ಲವರಿಗೆ ಆ ಮಾತು ಹೊಸದೇನಲ್ಲ.

ಇಂಥ ವಿಷಯ ಎತ್ತಿದಾಗ ಕೇಳಿಬರುವ ಉತ್ತರವೂ ಹೊಸದಲ್ಲ: “ಫಾದರ್, ಈಗ ಬೇಡ, ಹಬ್ಬ ಕಳೆಯಲಿ.” ಹೀಗೆ ಹೇಳುವವರು ದುಷ್ಟರಲ್ಲ, ಊರಿನ ಒಗ್ಗಟ್ಟು ಕೆಡಬಾರದೆಂಬ ಕಳಕಳಿಯವರು, ಪೂಜೆಗೆ ತಪ್ಪದೆ ಬರುವವರು. ಬರ್ಮಿಂಗ್‌ಹ್ಯಾಮಿನ ಎಂಟು ಮಂದಿಯೂ ಅಂಥವರೇ. ಗುರುಗಳಾದ ನಮಗೂ ಈ ಸಲಹೆ ಬಹಳ ಬೇಗ ಹಿಡಿಸಿಬಿಡುತ್ತದೆ. ಆದರೆ ಒಂದು ಹಬ್ಬ ಕಳೆದರೆ ಇನ್ನೊಂದು ಹಬ್ಬ ಬರುತ್ತದೆ, ಅವಮಾನಿತನ ಸರದಿ ಬರುವುದಿಲ್ಲ.

ಮುಂದಿನ ತಪಸ್ಸುಕಾಲದಲ್ಲಿ ಓದು ಬಲ್ಲ ಮನೆಗಳವರು ಈ ಪತ್ರವನ್ನು ಒಮ್ಮೆ ಕೂಡಿ ಓದಲಿ ಎಂಬುದು ನನ್ನ ವಿನಂತಿ. ಓದುವಾಗ ನಾವು ಕಿಂಗ್ ಅವರ ಪಕ್ಕದಲ್ಲಿ ನಿಂತಿದ್ದೇವೆಂದು ಭಾವಿಸುವುದು ಬೇಡ. ಪತ್ರದ ಮೇಲಿರುವ ವಿಳಾಸ ನಮ್ಮದೆಂದು ತಿಳಿದು ಓದೋಣ. ಡ್ಯೂರಿಕ್ ಅವರಿಗೆ ದೊರೆತ ಮನಪರಿವರ್ತನೆಯ ಕೃಪೆಯನ್ನು ಪ್ರಭು ನಮಗೂ ದಯಪಾಲಿಸಲಿ.