ಔಷಧದಾನ ಮತ್ತು ಅನುಮೋದನೆ: ಒಂದು ರೋಮಾಂಚಕ ಕಾದಂಬರಿಗೆ ಬಂದ ಪ್ರತಿಕ್ರಿಯೆಗಳು

ಗೂಢಚಾರರ ಕತೆಗಳಿಂದ ಜಗತ್ಪ್ರಸಿದ್ಧರಾಗಿದ್ದ ಇಂಗ್ಲೆಂಡಿನ ಲೇಖಕ ಜಾನ್ ಲ ಕಾರೆ 2001ರಲ್ಲಿ ‘ದಿ ಕಾನ್‌ಸ್ಟಂಟ್ ಗಾರ್ಡನರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಶೀತಲ ಸಮರ ಮುಗಿದು ಹತ್ತು ವರ್ಷಗಳಾಗಿದ್ದವು. ಹಳೆಯ ಶತ್ರುಗಳಿಲ್ಲದ ಲೋಕದಲ್ಲಿ ಈ ಲೇಖಕರು ಇನ್ನೇನು ಬರೆಯಬಲ್ಲರು ಎಂದು ಕೇಳುತ್ತಿದ್ದವರಿಗೆ ಔಷಧ ಕಂಪನಿಗಳ ಲೋಭವೇ ವಸ್ತುವಾಗಿ ಎದುರಾಯಿತು. 2005ರಲ್ಲಿ ಬ್ರೆಜಿಲಿನ ಫರ್ನಾಂಡೊ ಮೀರೆಲೆಸ್ ಇದನ್ನು ಚಲನಚಿತ್ರವಾಗಿಸಿದರು. ಟೆಸ್ಸಾಳ ಪಾತ್ರ ವಹಿಸಿದ ರೇಚಲ್ ವೈಸ್ ಅವರಿಗೆ ಆಸ್ಕರ್ ದೊರೆಯಿತು. ಲೇಖಕರು 2020ರಲ್ಲಿ ತೀರಿಕೊಂಡರು. ಆದರೆ ಕೃತಿ ಎಬ್ಬಿಸಿದ ವಾದ ಇನ್ನೂ ಅಡಗಿಲ್ಲ. ಆ ವಾದದ ಸ್ವರೂಪವನ್ನು ಪರಿಶೀಲಿಸುವುದು ಕೃತಿಯ ಕಥಾವಸ್ತುವನ್ನು ಪರಿಶೀಲಿಸುವಷ್ಟೇ ಅವಶ್ಯಕ.

ಕತೆ ಕೆನ್ಯಾದ ನೈರೋಬಿಯಲ್ಲಿ ನಡೆಯುತ್ತದೆ. ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ ಜಸ್ಟಿನ್ ಕ್ವೇಲ್ ಸೌಮ್ಯ ಸ್ವಭಾವದವನು, ಹೂದೋಟದಲ್ಲಿ ಆಸಕ್ತನು. ಅವನ ಹೆಂಡತಿ ಟೆಸ್ಸಾ ತುರ್ಕಾನಾ ಸರೋವರದ ಬಳಿ ಕೊಲೆಯಾಗುತ್ತಾಳೆ. ಕ್ಷಯರೋಗಕ್ಕೆಂದು ಸಿದ್ಧವಾದ ‘ಡೈಪ್ರಾಕ್ಸಾ’ ಎಂಬ ಗುಳಿಗೆಯನ್ನು ಕೆನ್ಯಾದ ಬಡವರ ಮೇಲೆ ಪ್ರಯೋಗಿಸಲಾಗುತ್ತಿದೆ, ಅದರಿಂದಾಗುವ ಸಾವುಗಳನ್ನು ಮುಚ್ಚಿಡಲಾಗುತ್ತಿದೆ ಎಂಬುದನ್ನು ಆಕೆ ಪತ್ತೆ ಹಚ್ಚಿದ್ದಳು. ಗಂಡ ಅವಳ ಹೆಜ್ಜೆಯ ಜಾಡು ಹಿಡಿದು ಸತ್ಯದ ಬುಡಕ್ಕೆ ಹೋಗುತ್ತಾನೆ. ಅಲ್ಲಿಯೇ ತನ್ನ ಕೊನೆಯನ್ನೂ ಕಾಣುತ್ತಾನೆ. ಕೃತಿಯಲ್ಲಿ ಮರೆಯಲಾಗದ ಸನ್ನಿವೇಶವೆಂದರೆ ಆಸ್ಪತ್ರೆಯದು. ಹೆರಿಗೆಯಲ್ಲಿ ತನ್ನ ಕೂಸನ್ನು ಕಳೆದುಕೊಂಡ ಟೆಸ್ಸಾ ಪಕ್ಕದ ಹಾಸಿಗೆಯಲ್ಲಿ ಸಾಯುತ್ತಿರುವ ವಾನ್ಝಾ ಎಂಬ ಬಡ ಬಾಣಂತಿಯ ಮಗುವಿಗೆ ತನ್ನ ಎದೆಹಾಲು ಕುಡಿಸುತ್ತಾಳೆ. ಆ ತಾಯಿಯನ್ನು ಕೊಲ್ಲುತ್ತಿರುವುದು ರೋಗ ಮಾತ್ರವಲ್ಲ, ಉಚಿತವಾಗಿ ಬಂದ ಔಷಧ.

ಕೃತಿ ಹೊರಬಂದೊಡನೆ ಔಷಧೋದ್ಯಮದ ಪರವಾಗಿ ಮಾತನಾಡಿದವರು ಇದನ್ನು ಅತಿರಂಜಿತವೆಂದರು. ಕಂಪನಿಗಳು ತಪ್ಪು ಮಾಡಬಹುದು, ಆದರೆ ಬಾಡಿಗೆಯ ಕೊಲೆಗಡುಕರನ್ನು ಕಳಿಸುವುದಿಲ್ಲ ಎಂಬುದು ಅವರ ವಾದದ ತಿರುಳು. ಲೇಖಕರು ಕೃತಿಯ ಕೊನೆಯ ಟಿಪ್ಪಣಿಯಲ್ಲಿ ಯಾವ ವ್ಯಕ್ತಿಯನ್ನೂ ಸಂಸ್ಥೆಯನ್ನೂ ಗುರಿಯಾಗಿಟ್ಟು ಬರೆದಿಲ್ಲವೆಂದು ಹೇಳಿಯೂ, ತಾವು ತಿಳಿದುಕೊಂಡ ವಾಸ್ತವದ ಮುಂದೆ ಈ ಕತೆ ಸಪ್ಪೆಯೇ ಎಂಬರ್ಥದ ಮಾತನ್ನು ಸೇರಿಸಿದ್ದರು. ಈ ಮಾತು ಉರಿಯುವ ಒಲೆಗೆ ತುಪ್ಪ ಹೊಯ್ದಂತಾಯಿತು. ಇನ್ನೊಂದು ಗುಂಪಿನ ಓದುಗರು ಇದು ಕತೆಯೇ ಅಲ್ಲ, ನೈಜೀರಿಯದ ಕಾನೋ ನಗರದಲ್ಲಿ ನಡೆದದ್ದೇ ಎಂದರು.

ಕಾನೋದ ಘಟನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1996ರಲ್ಲಿ ಅಲ್ಲಿ ಮೆನಿಂಜೈಟಿಸ್ ಎಂಬ ಮೆದುಳುಪೊರೆಯ ಬೇನೆ ಸಾಂಕ್ರಾಮಿಕವಾಗಿ ಹಬ್ಬಿತ್ತು. ಫೈಜರ್ ಕಂಪನಿಯ ತಂಡ ಅಲ್ಲಿಗೆ ಹೋಗಿ ಸುಮಾರು 200 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಟ್ರೊವಾಫ್ಲಾಕ್ಸಸಿನ್ ಎಂಬ ಹೊಸ ಔಷಧವನ್ನೂ ಉಳಿದವರಿಗೆ ಆಗಲೇ ಬಳಕೆಯಲ್ಲಿದ್ದ ಸೆಫ್ಟ್ರಿಯಾಕ್ಸೋನನ್ನೂ ಕೊಟ್ಟಿತು. 11 ಮಕ್ಕಳು ಸತ್ತರು: ಹೊಸ ಔಷಧ ಪಡೆದವರಲ್ಲಿ 5, ಇನ್ನೊಂದು ಗುಂಪಿನಲ್ಲಿ 6. ಸಾವಿಗೆ ಬೇನೆಯೇ ಕಾರಣವೆಂದೂ ಪಾಲಕರ ಮೌಖಿಕ ಒಪ್ಪಿಗೆ ಇತ್ತೆಂದೂ ಕಂಪನಿ ಹೇಳಿತು. ಇದು ಪ್ರಯೋಗವೆಂಬುದೇ ತಮಗೆ ತಿಳಿದಿರಲಿಲ್ಲವೆಂದು ಪಾಲಕರು ಹೇಳಿದರು. ದೀರ್ಘ ವ್ಯಾಜ್ಯದ ನಂತರ 2009ರಲ್ಲಿ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ ಕಾನೋ ರಾಜ್ಯದೊಡನೆ 7.5 ಕೋಟಿ ಡಾಲರುಗಳ ರಾಜಿ ಮಾಡಿಕೊಂಡಿತು. ಅದೇ ಆಸ್ಪತ್ರೆಯ ಆವರಣದಲ್ಲಿ ಅದೇ ದಿನಗಳಲ್ಲಿ ‘ಗಡಿಗಳಿಲ್ಲದ ವೈದ್ಯರು’ ಎಂಬ ಸೇವಾಸಂಸ್ಥೆ ಅಗ್ಗದ ಹಳೆಯ ಔಷಧವನ್ನು ಉಚಿತವಾಗಿ ಕೊಡುತ್ತಿತ್ತು. ಒಂದೇ ಅಂಗಳದಲ್ಲಿ ಎರಡು ಬಗೆಯ ‘ಉಚಿತ’. ಮಗುವನ್ನು ಎತ್ತಿಕೊಂಡು ಓಡಿ ಬಂದ ತಾಯಿಗೆ ಅವೆರಡರ ನಡುವಿನ ಅಂತರ ಕಾಣುವ ಬಗೆಯೇನು?

ಆದರೆ ಕಾದಂಬರಿ ಕಾನೋದ ನಕಲು ಎಂಬ ಮಾತು ನಿಲ್ಲುವುದು ಕಷ್ಟ. ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಕಾನೋದ ಪ್ರಕರಣವನ್ನು ಜಗತ್ತಿಗೆ ವಿವರವಾಗಿ ತಿಳಿಸಿದ್ದು 2000ದ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಕಾದಂಬರಿ ಅಂಗಡಿಗೆ ಬರುವ ಹೊಸ್ತಿಲಿನಲ್ಲಿತ್ತು. ಕೃತಿಯಲ್ಲಿ ಸತ್ಯ ಹೇಳಹೊರಟ ಸಂಶೋಧಕಿ ಲಾರಾ ಎಮ್ರಿಚ್‌ಳನ್ನು ಕರಾರುಪತ್ರದ ಬೆದರಿಕೆಯಿಂದ ಬಾಯಿ ಮುಚ್ಚಿಸುವ ಭಾಗವಿದೆ. ಅದನ್ನು ಓದಿದವರಿಗೆ ಕೆನಡಾದ ಟೊರಾಂಟೊದ ವೈದ್ಯೆ ನ್ಯಾನ್ಸಿ ಒಲಿವಿಯೆರಿ ನೆನಪಾದದ್ದು ಸಹಜ. 1996ರಲ್ಲಿ ತಾವು ಪರೀಕ್ಷಿಸುತ್ತಿದ್ದ ಔಷಧದ ಅಪಾಯವನ್ನು ರೋಗಿಗಳಿಗೆ ತಿಳಿಸಹೊರಟಾಗ ಅವರಿಗೆ ಕಂಪನಿಯಿಂದ ಕಾನೂನು ಕ್ರಮದ ಬೆದರಿಕೆ ಬಂದಿತ್ತು. ಇಂಥ ಹೋಲಿಕೆಗಳನ್ನು ಹುಡುಕುವುದು ಓದುಗರಿಗೆ ಪ್ರಿಯವಾದ ಆಟ. ಅದರಿಂದ ಕೃತಿಯ ಬೆಲೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

‘ಅತಿರಂಜಿತ’ ಎಂಬ ಆಕ್ಷೇಪವನ್ನು ಮಾತ್ರ ಹಾಗೆ ಬದಿಗಿಡಲಾಗದು. ಅದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯ ಉದ್ಯಮದ ಪರವಾಗಿಯೂ ಇಲ್ಲ. ರೋಮಾಂಚಕ ಕಾದಂಬರಿಗೆ ಒಂದು ಹೆಣ ಬೇಕು, ಒಬ್ಬ ಕೊಲೆಗಾರ ಬೇಕು, ಬೆನ್ನಟ್ಟುವ ಕಾರು ಬೇಕು. ಟೆಸ್ಸಾಳ ಕೊಲೆಯೇ ಕೃತಿಯ ಕೇಂದ್ರವಾದಾಗ ಡೈಪ್ರಾಕ್ಸಾ ನುಂಗಿ ಸತ್ತವರು ಆ ಕೊಲೆಗೆ ಕಾರಣವಾದ ಹಿನ್ನೆಲೆಯಾಗಿ ಉಳಿಯುತ್ತಾರೆ. ಕೊಲೆಗಡುಕರನ್ನು ತಂದುದರಿಂದ ಲೇಖಕರು ತಮ್ಮ ಎದುರಾಳಿಗಳಿಗೆ ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲೊಂದನ್ನು ತಾವೇ ತೆರೆದಿಟ್ಟರು. ‘ನಾವು ಯಾರನ್ನೂ ಕೊಲ್ಲಿಸಿಲ್ಲ’ ಎಂದು ಹೇಳಿ ಆ ಬಾಗಿಲಿನಿಂದ ನಿರಾಳವಾಗಿ ಹೊರಬೀಳಬಹುದು.

ಹಿಂಸೆಯನ್ನು ತೂಗಲು ಜೈನ ಆಚಾರ್ಯರು ಕೊಟ್ಟ ಮಾನದಂಡ ಇಲ್ಲಿ ವಿಮರ್ಶೆಗೇ ಉಪಯುಕ್ತವಾಗಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮದ ಆಸ್ರವಕ್ಕೆ ಆಧಾರವಾಗುವ ಭೇದಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ಮಾತು, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಷಾಯಗಳು, ಹೀಗೆ ಗುಣಿಸಿ 108 ಭೇದಗಳಾಗುತ್ತವೆ. ಪತ್ತೇದಾರಿ ಕಾದಂಬರಿಯ ಕಣ್ಣಿಗೆ ಇವುಗಳಲ್ಲಿ ಒಂದೇ ಸ್ಪಷ್ಟವಾಗಿ ಬೀಳುತ್ತದೆ: ಕಾಯದಿಂದ ಮಾಡಿದ ಆರಂಭ, ಅಂದರೆ ಕತ್ತಿ ಎತ್ತಿದ ಕೈ. ಔಷಧ ವ್ಯವಹಾರದ ಹಿಂಸೆ ಬಹುಪಾಲು ಸಮಾರಂಭದಲ್ಲಿದೆ, ಎಂದರೆ ಸಾಧನಗಳನ್ನು ಅಣಿಗೊಳಿಸುವಲ್ಲಿ: ಕರಾರುಪತ್ರ ಬರೆಯುವಲ್ಲಿ, ಒಂದು ಕೋಷ್ಟಕವನ್ನು ವರದಿಯಿಂದ ಬಿಡುವಲ್ಲಿ, ಸಮ್ಮತಿ ಪತ್ರವನ್ನು ರೋಗಿಗೆ ತಿಳಿಯದ ಭಾಷೆಯಲ್ಲಿ ಮುದ್ರಿಸುವಲ್ಲಿ. ಅದಕ್ಕಿಂತಲೂ ಹೆಚ್ಚಾಗಿ ಅನುಮತದಲ್ಲಿದೆ.

ಲ ಕಾರೆಯವರ ನಿಜವಾದ ಪ್ರತಿಭೆ ಕಾಣುವುದು ಈ ಅನುಮತದ ಚಿತ್ರಣದಲ್ಲಿಯೇ. ಕಚೇರಿಯ ಮುಖ್ಯಸ್ಥ ಸ್ಯಾಂಡಿ ವುಡ್ರೋ ಯಾರನ್ನೂ ಕೊಲ್ಲುವುದಿಲ್ಲ. ಟೆಸ್ಸಾ ಕೊಟ್ಟ ದಾಖಲೆಯನ್ನು ಮೇಲಿನವರಿಗೆ ಕಳಿಸುತ್ತಾನೆ, ಅಷ್ಟೆ. ಲಂಡನ್ನಿನ ಹಿರಿಯ ಅಧಿಕಾರಿ ಪೆಲೆಗ್ರಿನ್ ಒಂದು ಊಟದ ಮೇಜಿನಲ್ಲಿ ಸಭ್ಯವಾಗಿ ಮಾತನಾಡುತ್ತಾನೆ, ಅಷ್ಟೆ. ಇವರ ಸಂಭಾಷಣೆಗಳು ಬೆನ್ನಟ್ಟುವ ಯಾವ ಪ್ರಸಂಗಕ್ಕಿಂತಲೂ ಭಯಾನಕವಾಗಿವೆ. ಕೋಪ ಲೇಖಕರ ಕಲೆಯನ್ನು ಕೆಡಿಸಿತು, ಕೃತಿ ಉಪದೇಶವಾಯಿತು ಎಂದು ದೂರಿದ ವಿಮರ್ಶಕರು ಟೆಸ್ಸಾಳ ಮಾತುಗಳನ್ನು ಮಾತ್ರ ಗಮನಿಸಿದಂತಿದೆ. ಆಕೆ ಅಲ್ಲಲ್ಲಿ ದೋಷವೇ ಇಲ್ಲದ ಮೂರ್ತಿಯಾಗುತ್ತಾಳೆಂಬುದು ನಿಜ. ವುಡ್ರೋನ ಅಧ್ಯಾಯಗಳಲ್ಲಿ ಉಪದೇಶದ ಸುಳಿವೂ ಇಲ್ಲ.

ಘಟಪ್ರಭಾದಂಥ ಊರಿನ ಓದುಗನಿಗೆ ಈ ಕೃತಿ ದೂರದ ಆಫ್ರಿಕದ ಸುದ್ದಿಯಾಗಿ ಉಳಿಯುವುದಿಲ್ಲ. 1929ರಲ್ಲಿ ಸ್ಥಾಪಿತವಾದ ಕರ್ನಾಟಕ ಆರೋಗ್ಯಧಾಮದಿಂದಲೂ ಸಹಕಾರಿ ಆಸ್ಪತ್ರೆಯಿಂದಲೂ ಹೆಸರು ಪಡೆದ ಊರು ಇದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳವರು ಬಗಲಲ್ಲಿ ಚೀಟಿಗಳ ಚೀಲ ಹಿಡಿದು ಇಲ್ಲಿಗೆ ಬರುತ್ತಾರೆ. ಡಾಕ್ಟರರು ಬರೆದದ್ದನ್ನು ಪ್ರಶ್ನಿಸದೆ ನುಂಗುತ್ತಾರೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತದಲ್ಲಿರುವಾಗ ಡೈಪ್ರಾಕ್ಸಾದಂಥ ಗುಳಿಗೆಗೆ ನೈರೋಬಿಯೇ ಬೇಕೆಂದಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಮಾತು ಈ ಸೀಮೆಯ ಬಸದಿಗಳಲ್ಲಿ ಮಕ್ಕಳಿಗೂ ಗೊತ್ತು. ಔಷಧವನ್ನು ಅಭಯದೊಡನೆ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಡೈಪ್ರಾಕ್ಸಾದ ಕತೆಯಲ್ಲಿ ಅವೆರಡನ್ನು ಬೇರ್ಪಡಿಸಲಾಗಿದೆ: ಔಷಧ ಸಿಗುತ್ತದೆ, ಅಭಯ ಸಿಗುವುದಿಲ್ಲ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳಿದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವನ್ನು ಬಲ್ಲವರಿಗೆ, ಗುಣವಾಗುವುದಷ್ಟೇ ಅಲ್ಲ, ಯಾರ ಪ್ರಾಣದ ಬೆಲೆಗೆ ಗುಣವಾಗುವುದು ಎಂಬ ಪ್ರಶ್ನೆ ಹೊಸದಲ್ಲ.

ಭಾರತದಲ್ಲಿ 2005ರ ನಿಯಮ ತಿದ್ದುಪಡಿಯ ನಂತರ ವಿದೇಶಿ ಔಷಧಗಳ ಪ್ರಯೋಗಕ್ಕೆ ಹಾದಿ ಸುಗಮವಾಯಿತು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸಾವಿರಾರು ಬಾಲಕಿಯರಿಗೆ ಕೊಡಲಾಯಿತು. ಏಳು ಬಾಲಕಿಯರು ಸತ್ತರು. ಸಾವಿಗೆ ಲಸಿಕೆಯೇ ಕಾರಣವೆಂದು ಸಿದ್ಧವಾಗಲಿಲ್ಲ. ಆ ಲಸಿಕೆ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಆದರೆ ತಂದೆತಾಯಿಯರ ಪರವಾಗಿ ವಸತಿನಿಲಯದ ಮೇಲ್ವಿಚಾರಕರು ಸಮ್ಮತಿ ಪತ್ರಗಳಿಗೆ ಸಹಿ ಮಾಡಿದ್ದರೆಂಬುದು ಬಯಲಾಯಿತು. 2013ರಲ್ಲಿ ಸಂಸದೀಯ ಸಮಿತಿ ಅದನ್ನು ಕಟುವಾಗಿ ಖಂಡಿಸಿತು. ಇಲ್ಲಿ ವಿಷ ಇರಲಿಲ್ಲ, ಕೊಲೆಗಾರನೂ ಇರಲಿಲ್ಲ. ಮುಗ್ಧರ ಒಪ್ಪಿಗೆಯನ್ನು ಮತ್ತೊಬ್ಬರ ಸಹಿಯಿಂದ ತೀರಿಸಿಕೊಂಡದ್ದೇ ತಪ್ಪು.

ಕರ್ನಾಟಕದಲ್ಲಿಯೇ 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದಿತು. ರಾಜ್ಯದ ಪರೀಕ್ಷೆಯಲ್ಲಿ ಆ ಕಂಪನಿಯ ಕೆಲವು ಬ್ಯಾಚುಗಳು ಮೊದಲೇ ಅನುತ್ತೀರ್ಣವಾಗಿದ್ದವು. ಕೇಂದ್ರದ ಪ್ರಯೋಗಾಲಯದಿಂದ ಕೆಲವಕ್ಕೆ ಉತ್ತಮವೆಂಬ ಪ್ರಮಾಣಪತ್ರ ಬಂದಿತ್ತು. ಎರಡು ಕಾಗದಗಳ ನಡುವಿನ ಸಂದಿಯಲ್ಲಿ ಬಾಟಲಿಗಳು ಮತ್ತೆ ವಾರ್ಡಿಗೆ ಹೋದವು. ಇದನ್ನು ಕತೆಯಾಗಿಸಲು ಬೆನ್ನಟ್ಟುವ ಕಾರಿನ ಅವಶ್ಯಕತೆಯಿಲ್ಲ. ಅದಕ್ಕೆ ವುಡ್ರೋನನ್ನು ಸೃಷ್ಟಿಸಿದ ಲೇಖನಿಯೇ ಬೇಕು.

ಕೃತಿಯ ಮೇಲೆ ಹೊರಿಸಬೇಕಾದ ದೊಡ್ಡ ಆಕ್ಷೇಪ ಬೇರೆಯೇ ಇದೆ. ಅದನ್ನು ಎತ್ತಿದವರು ಕಡಿಮೆ. ಇಲ್ಲಿ ನೊಂದವರು ಸಾಯುತ್ತಾರೆ, ಅಳುತ್ತಾರೆ, ನ್ಯಾಯ ಕೇಳುವುದಿಲ್ಲ. ಅವರ ಪರವಾಗಿ ಕೇಳುವವರು ಬಿಳಿಯ ದಂಪತಿಗಳು, ಜತೆಗೆ ಯುರೋಪಿನಲ್ಲಿ ಬೆಳೆದ ಡಾಕ್ಟರ್ ಬ್ಲೂಮ್. ವಾಸ್ತವದಲ್ಲಿ ಹಾಗಾಗಲಿಲ್ಲ. ಕಾನೋದ ಪಾಲಕರು ನೈಜೀರಿಯದ ಮತ್ತು ನ್ಯೂಯಾರ್ಕಿನ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಭಾರತದಲ್ಲಿ ಇಂದೂರಿನ ‘ಸ್ವಾಸ್ಥ್ಯ ಅಧಿಕಾರ ಮಂಚ್’ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ 2013ರಲ್ಲಿ ಪ್ರಯೋಗಗಳಿಗೆ ಬಿಗಿ ಬಂದಿತು. 2019ರಲ್ಲಿ ಹೊಸ ನಿಯಮಗಳೇ ರಚಿತವಾದವು. ಮೂಕ ಪ್ರಾಣಿಗಳಂತೆ ಚಿತ್ರಿತರಾದವರು ನಿಜಜೀವನದಲ್ಲಿ ವಾದಿಗಳಾಗಿ ನಿಂತರು. ಇಷ್ಟು ಕರುಣೆಯುಳ್ಳ ಲೇಖಕರಿಗೂ ಆ ಸಾಧ್ಯತೆ ಹೊಳೆಯಲಿಲ್ಲವೆಂಬುದು ವಿಷಾದದ ಸಂಗತಿ.

ಚಲನಚಿತ್ರ ಈ ಕೊರತೆಯನ್ನು ತುಂಬಲಿಲ್ಲ. ಬದಲಾಗಿ, ಕೊನೆಯಲ್ಲಿ ಶೋಕಸಭೆಯೊಂದರಲ್ಲಿ ಪೆಲೆಗ್ರಿನನ ಪತ್ರವನ್ನು ಎಲ್ಲರೆದುರು ಓದಿಸಿ ಪ್ರೇಕ್ಷಕರನ್ನು ಸಮಾಧಾನಪಡಿಸಿತು. ಕಾದಂಬರಿಯಲ್ಲಿ ಅಂಥ ಬಹಿರಂಗ ತೀರ್ಪಿಲ್ಲ. ಕೃತಿ ಮುಗಿದರೂ ಮನಸ್ಸು ಕುದಿಯುತ್ತಿರುತ್ತದೆ, ಅದೇ ಹೆಚ್ಚು ಪ್ರಾಮಾಣಿಕ. ಚಿತ್ರದ ಒಂದು ಗುಣವನ್ನು ಮಾತ್ರ ಹೇಳಲೇಬೇಕು. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿಯೂ ತುರ್ಕಾನಾ ತೀರದ ಲೊಯಂಗಲಾನಿಯಲ್ಲಿಯೂ ಚಿತ್ರೀಕರಣ ನಡೆಸಿದ ತಂಡದವರು ಅಲ್ಲಿನ ಬಡತನ ನೋಡಿ ಸುಮ್ಮನೆ ಮರಳಲಿಲ್ಲ. ಆ ಊರುಗಳ ಮಕ್ಕಳ ಶಿಕ್ಷಣಕ್ಕೆ ನೆರವಾಗಲು ಚಿತ್ರದ ಹೆಸರಿನಲ್ಲಿಯೇ ನ್ಯಾಸವೊಂದನ್ನು ಸ್ಥಾಪಿಸಿದರು. ಕೃತಿಗೆ ಬಂದ ಪ್ರತಿಕ್ರಿಯೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ ವಿಮರ್ಶಕರು ವಿರಳ.