ಅದೃಷ್ಟಕ್ಕೂ ಬಸ್ ಚಾರ್ಜು ಬೇಕು

ಪತ್ರಿಕೋದ್ಯಮಕ್ಕೆ ಬರುವ ಹುಡುಗ ಹುಡುಗಿಯರಿಗೆ ಹಿರಿಯರು ಹೇಳುವ ಮಾತೊಂದಿದೆ: ನಿನ್ನ ಅದೃಷ್ಟವನ್ನು ನೀನೇ ಕಟ್ಟಿಕೊಳ್ಳಬೇಕು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ವರದಿಗಾರರ ದುಡಿಮೆಗೆ ಹಚ್ಚಿ ನೋಡಿದರೆ ಈ ಉಪದೇಶದಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂಬುದು ತಿಳಿಯುತ್ತದೆ.

ಮೊದಲು ಗಟ್ಟಿಯ ಮಾತು. ಇಂಗ್ಲೆಂಡಿನ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಅದೃಷ್ಟವನ್ನೇ ಅಧ್ಯಯನದ ವಿಷಯ ಮಾಡಿಕೊಂಡವರು. ತಾವು ಅದೃಷ್ಟವಂತರು ಎಂದುಕೊಂಡವರಿಗೂ ನತದೃಷ್ಟರು ಎಂದುಕೊಂಡವರಿಗೂ ಪತ್ರಿಕೆಯೊಂದನ್ನು ಕೊಟ್ಟು, ಅದರಲ್ಲಿನ ಫೋಟೊಗಳನ್ನು ಎಣಿಸಿ ಎಂದರು. ಎಣಿಸುವುದನ್ನು ನಿಲ್ಲಿಸಿ, ಇದರಲ್ಲಿ 43 ಫೋಟೊಗಳಿವೆ ಎಂದು ಎರಡನೇ ಪುಟದಲ್ಲೇ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಮೊದಲಿನವರ ಕಣ್ಣಿಗೆ ಅದು ಬಿತ್ತು; ಎರಡನೆಯವರು ಹೆಚ್ಚಾಗಿ ಎಣಿಸುತ್ತಲೇ ಹೋದರು.

ಶಾಸಕರ ಕಾರ್ಯಕ್ರಮ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿಯ ಪ್ರೆಸ್‌ನೋಟ್ ಇಷ್ಟರಲ್ಲೇ ದಿನ ಮುಗಿಸುವ ವರದಿಗಾರರೂ ಹೀಗೆ ಎಣಿಸುತ್ತ ಕೂತವರೇ. ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆ ಶುರುವಾದ ದಿನ ಕಿಲೋಗೆ ಸಿಕ್ಕ ಮೊದಲ ದರವನ್ನು ಯಾರು ಬೇಕಾದರೂ ಬರೆಯಬಹುದು. ತಿಂಗಳು ಕಳೆದ ಮೇಲೂ ಅಲ್ಲಿಗೆ ಹೋಗುವವರಿಗೆ ಕೆಳದರ್ಜೆಗೆ ಇಳಿದ ಬೇಲು, ಸೊಪ್ಪು ಹದಮಾಡುವ ಬ್ಯಾರನ್‌ಗೆ ಸುಟ್ಟ ಸೌದೆಯ ಖರ್ಚು, ಹೊಗೆಸೊಪ್ಪು ನಂಬಿ ಮಾಡಿದ ಸಾಲ ಕಾಣುತ್ತವೆ. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದು ಒಂದು ದಿನದ ಸುದ್ದಿ, ಆಮೇಲೆ ಕೆ.ಆರ್. ನಗರದ ಕಬ್ಬು ಬೆಳೆಗಾರರು ಏನು ಮಾಡಿದರು ಎಂಬುದು ಹತ್ತು ವರದಿಗೆ ಸಾಕಾಗುವ ವಿಷಯ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಬಗ್ಗೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟಿತು. 3,418 ಕುಟುಂಬಗಳನ್ನು ಗುರುತಿಸಿತು. ಆ ವರದಿ ಓದಿಕೊಂಡು ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಗೆ ಹೋಗುವವರಿಗೆ ಸುದ್ದಿಗೆ ಬರವಿಲ್ಲ. ಹೊರಗಿನವರು ಇದನ್ನು ಅದೃಷ್ಟ ಎಂದಾರು. ಇದು ಓದು, ಓಡಾಟ ಮತ್ತು ಮತ್ತೆ ಮತ್ತೆ ಹೋಗುವ ಹಟ.

ಪತ್ರಿಕೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ರಾಜಶೇಖರ ಕೋಟಿ 1972ರಲ್ಲಿ ಧಾರವಾಡದಲ್ಲಿ ಆರಂಭಿಸಿದ ‘ಆಂದೋಲನ’ ಪತ್ರಿಕೆ ಮೈಸೂರಿಗೆ ಬಂದು ನೆಲೆಯೂರಿದ್ದು ಬಂಡವಾಳದ ಬಲದಿಂದಲ್ಲ. ರೈತ, ದಲಿತ ಚಳವಳಿಗಳ ದನಿಗೆ ಜಾಗ ಕೊಟ್ಟು ಅದು ಓದುಗರನ್ನು ಸಂಪಾದಿಸಿಕೊಂಡಿತು.

ಇನ್ನು ಜೊಳ್ಳು. ಅದೃಷ್ಟ ಕಟ್ಟಿಕೋ ಎನ್ನುವವರು ಅದರ ಖರ್ಚು ಯಾರದ್ದು ಎಂದು ಹೇಳುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕ ವರದಿಗಾರರೇ ಹೆಚ್ಚು. ಎಷ್ಟೋ ಮಂದಿಗೆ ಸಂಬಳವಿಲ್ಲ, ಸಣ್ಣ ಗೌರವಧನ. ಜೊತೆಗೆ ಜಾಹೀರಾತು ತರುವ ಹೊಣೆ. ಯಾರ ತಪ್ಪನ್ನು ಬರೆಯಬೇಕೋ ಅವರ ಮುಂದೆಯೇ ಹುಟ್ಟುಹಬ್ಬದ ಜಾಹೀರಾತಿಗೆ ನಿಲ್ಲಬೇಕಾದ ಸ್ಥಿತಿಯಲ್ಲಿ ‘ಸಂಪರ್ಕ ಬೆಳೆಸಿಕೋ’ ಎಂಬ ಬುದ್ಧಿಮಾತು ಅಪಾಯದ್ದಾಗುತ್ತದೆ. ಹರಾಜು ಕಟ್ಟೆಯಲ್ಲಿ ಆದ ಪರಿಚಯ ವರದಿಯನ್ನು ಬೆಳೆಸುತ್ತದೆ, ಪ್ರವಾಸಿ ಮಂದಿರದಲ್ಲಿ ಆದ ಪರಿಚಯ ಅನೇಕ ಸಲ ವರದಿಯನ್ನು ತಡೆಯುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಹೊಗಳುವುದು ಸರಿಯಲ್ಲ.

ಅವಕಾಶವೂ ಎಲ್ಲರಿಗೆ ಒಂದೇ ದೂರದಲ್ಲಿಲ್ಲ. 2023ರಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ ದುಡ್ಡನ್ನು ಉಳಿಸಿದೆ. ಆದರೆ ಸಂಜೆಯ ಮೇಲೆ ಬಸ್ಸೇ ಇಲ್ಲದ ಕಾಡಂಚಿನ ಊರಿನಿಂದ ವರದಿಗಾರ್ತಿ ವಾಪಸು ಬರುವುದು ಹೇಗೆ? ಪತ್ರಿಕಾ ಕಚೇರಿಯಲ್ಲಿ ತನ್ನವರೆನ್ನುವವರು ಒಬ್ಬರೂ ಇಲ್ಲದ ಜೇನುಕುರುಬರ ಹುಡುಗ ಮೊದಲ ವರದಿಯನ್ನು ಯಾರ ಕೈಗೆ ಕೊಡಬೇಕು? ಇಂಥವರಿಗೆ ಅವಕಾಶ ಸಿಗದಿದ್ದಾಗ ಪ್ರಯತ್ನ ಸಾಲದು ಎಂದುಬಿಡುವುದು ಅನ್ಯಾಯ.

ಇಲ್ಲಿ ಪತ್ರಕರ್ತ ಪಿ. ಸಾಯಿನಾಥ್ ಅವರನ್ನು ನೆನೆಯಬೇಕು. ದೇಶದ ಕಡುಬಡ ಜಿಲ್ಲೆಗಳನ್ನು ಸುತ್ತಿ ಅವರು ಬರೆದ ವರದಿಗಳು 1996ರಲ್ಲಿ ಪುಸ್ತಕವಾದವು, ಜಿ.ಎನ್. ಮೋಹನ್ ಅದನ್ನು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದರು. ಆ ನಡಿಗೆ, ಆ ನೋಟ ಸಾಯಿನಾಥ್ ಅವರದೇ. ಆದರೆ ಆ ತಿರುಗಾಟಕ್ಕೆ ಟೈಮ್ಸ್ ಆಫ್ ಇಂಡಿಯಾದ ಫೆಲೋಶಿಪ್ ಆಸರೆಯಾಗಿತ್ತು. ಅವರ ಸಾಧನೆಯನ್ನು ಹಾಡುವವರು ಈ ಎರಡನೇ ಸಂಗತಿಯನ್ನೂ ಹೇಳಬೇಕು.

ಹಾಗಾಗಿ ಹಿರಿಯರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕಣ್ಣು ತೆರೆದಿಟ್ಟುಕೊಳ್ಳುವುದು, ಕಾಗದಪತ್ರ ಓದುವುದು, ಹೋದ ಊರಿಗೆ ಮತ್ತೆ ಹೋಗುವುದು ವರದಿಗಾರರ ಪಾಲು. ಓಡಾಟದ ಖರ್ಚು ಕೊಡುವುದು, ಜಾಹೀರಾತಿನ ಹೊರೆ ಇಳಿಸುವುದು, ಒಳ್ಳೆಯ ವರದಿಗೆ ಹೆಸರು ಹಾಕುವುದು ಸಂಪಾದಕರ, ಮಾಲೀಕರ ಪಾಲು. ಮಾಧ್ಯಮ ಅಕಾಡೆಮಿಯ ನೆರವು ಹಾಡಿಯ ಪದವೀಧರರ ತನಕ ತಲುಪಬೇಕು. ತಮ್ಮ ಪಾಲನ್ನು ಸಲ್ಲಿಸಿದ ಸಂಪಾದಕರಿಗೆ ಮಾತ್ರ, ನಿನ್ನ ಅದೃಷ್ಟ ನಿನ್ನ ಕೈಯಲ್ಲಿದೆ ಎಂದು ಹುಣಸೂರಿನ ಹುಡುಗಿಗೆ ಹೇಳುವ ಹಕ್ಕಿದೆ.