ಹಲಗಲಿಯ ಲಾವಣಿಯಲ್ಲಿ ಬೀಸುಕಲ್ಲು

ವೀರರ ಮರಣವನ್ನು ಹಾಡುವ ಕಾವ್ಯಕ್ಕೆ ಒಂದು ಅಪಾಯವುಂಟು. ಮರಣದ ಪ್ರಭೆಯಲ್ಲಿ ಬದುಕು ಮಸುಕಾಗುತ್ತದೆ; ಏತಕ್ಕಾಗಿ ಸತ್ತರೆಂಬುದು ಹಿಂದೆ ಸರಿದು, ಹೇಗೆ ಸತ್ತರೆಂಬುದೇ ಮುಂದೆ ಬಂದು ನಿಲ್ಲುತ್ತದೆ. ಹಲಗಲಿಯ ಬೇಡರ ಲಾವಣಿ ಈ ಅಪಾಯದಿಂದ ಪಾರಾದ ಬಗೆ ನನಗೆ ತಡವಾಗಿ ತಿಳಿಯಿತು.

ಕತೆ ವಾಚಕರಿಗೆ ಗೊತ್ತಿದ್ದುದೇ. 1857ರಲ್ಲಿ ಕುಂಪಣಿ ಸರಕಾರ ನಿಃಶಸ್ತ್ರೀಕರಣದ ಶಾಸನ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ, 6 ಜನರನ್ನು 14ರಂದು ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಈ ಲಾವಣಿಯನ್ನು ಮೊದಲು ಅಚ್ಚಿಗೆ ತಂದವನು ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ ಫ್ಲೀಟ್ ಎಂಬುದು ಇತಿಹಾಸದ ವಿನೋದ.

ಹಲವು ವರ್ಷ ನಾನು ತರಗತಿಯಲ್ಲಿ ಇದನ್ನು ವೀರರಸದ ಉದಾಹರಣೆಯೆಂದೇ ಪಾಠ ಮಾಡಿದೆ. ಜಡಗ, ಬಾಲ, ಹನುಮ, ರಾಮರ ಕಾಳಗ ಮುಗಿದೊಡನೆ ನನ್ನ ದನಿಯೂ ಇಳಿಯುತ್ತಿತ್ತು. ಕೊನೆಯ ಲೂಟಿಯ ಪಟ್ಟಿಯನ್ನು ಬೇಗಬೇಗನೆ ಓದಿ ಮುಗಿಸುತ್ತಿದ್ದೆ. ಒಮ್ಮೆ ರಜೆಯಲ್ಲಿ ಹೊಂಬಳದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಜೋಳ ಹಸನು ಮಾಡುತ್ತಿದ್ದ ಅವ್ವ ಕಾಳಗಕ್ಕೆ ತಲೆಯೆತ್ತಲಿಲ್ಲ. ಕೊಡಲಿ, ಉಪ್ಪು, ಎಣ್ಣೆ, ಬೆಲ್ಲ, ಮಂಗಳಸೂತ್ರ ಎಲ್ಲ ಬಂದು ಬೀಸುಕಲ್ಲಿನ ಹೆಸರು ಬಂದಾಗ ಆಕೆಯ ಕೈ ನಿಂತಿತು.

“ಬೀಸೂ ಕಲ್ಲ ಒಯ್ದು ಏನ ಮಾಡ್ತಾರೋ ಯಪ್ಪಾ ಅವರು?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಲಾವಣಿಯ ಹೃದಯ ಎಲ್ಲಿದೆಯೆಂದು ಎಂ.ಎ. ಓದಿದ ನನಗೆ ಅಕ್ಷರ ಕಲಿಯದ ಅವ್ವ ತೋರಿಸಿಕೊಟ್ಟಿದ್ದಳು. ಹಾಡು ಮೊದಲಾಗುವುದು ಗಂಡಸರ ಹತಾರದಿಂದ, ಮುಗಿಯುವುದು ಹೆಂಗಸರ ಬೀಸುಕಲ್ಲಿನಿಂದ. ಹತಾರ ಹೋದರೆ ಬದುಕೇ ಹೋದಂತೆ ಎಂದು ಬೇಡರು ಅಂಜಿದ್ದು ಹುಂಬತನವಾಗಿರಲಿಲ್ಲ. ಹತಾರ ಕೇಳಲು ಬಂದವರು ಮರುದಿನದ ರೊಟ್ಟಿಯನ್ನೂ ಉಳಿಸಲಿಲ್ಲ. ಬಂಡಾಯಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇರೆ ಬೇಕೆ? ಕವಿ ಅದನ್ನು ವಾದಿಸುವುದಿಲ್ಲ. ಸಾಮಾನುಗಳ ಹೆಸರು ಹೇಳುತ್ತಾನೆ, ಅಷ್ಟೆ.

ಹೋಲಿಕೆಗೆ ದೂರದ ಒಂದು ನಿದರ್ಶನ ನೋಡೋಣ. ಸ್ಪೇನಿನ ಆಳ್ವಿಕೆಯನ್ನು ಲೇಖನಿಯಿಂದ ಎದುರಿಸಿದ ಫಿಲಿಪೈನ್ಸಿನ ಹೊಸೆ ರಿಸಾಲನನ್ನು 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಗುಂಡಿಟ್ಟು ಕೊಂದರು. ವೈದ್ಯ, ಕಾದಂಬರಿಕಾರ, ಪಂಡಿತನಾಗಿದ್ದ ಆತ ಸಾಯುವ ಮುನ್ನ ನಾಡಿಗೆ ವಿದಾಯ ಹೇಳುವ ಕವಿತೆಯೊಂದನ್ನು ಸೆರೆಮನೆಯಿಂದ ಹೊರಗೆ ದಾಟಿಸಿದ. ಅಲ್ಲಿ ವೀರನೂ ಕವಿಯೂ ಒಬ್ಬನೇ. ಸಾವಿಗೆ ಅರ್ಥ ಕೊಡುವ ಭಾಗ್ಯ ಸಾಯುವವನದೇ ಆಗಿತ್ತು. ಹಲಗಲಿಯವರಿಗೆ ಆ ಭಾಗ್ಯವಿರಲಿಲ್ಲ. ಅವರ ಪರವಾಗಿ ಬೇರೊಬ್ಬನು ಹಾಡಬೇಕಾಯಿತು.

ಲಾವಣಿಯಲ್ಲಿ ಕೊರತೆಯಿಲ್ಲವೆಂದಲ್ಲ. ಜಡಗ ಹೇಗೆ ಬಾಳಿದ, ಯಾರ ಮಗ, ಮನೆಯಲ್ಲಿ ಯಾರಿದ್ದರು ಎಂಬುದೊಂದನ್ನೂ ಅದು ಹೇಳುವುದಿಲ್ಲ. ವೀರರ ಪೂರ್ವಕತೆಯನ್ನು ಕಲ್ಪಿಸಿ ತುಂಬುವ ಉತ್ಸಾಹ ನಮ್ಮ ಭಾಷಣಕಾರರಲ್ಲಿದೆ. ನನ್ನ ಪಾಠಗಳಲ್ಲಿಯೂ ಅದು ಇಣುಕಿದ್ದುಂಟು. ಲಾವಣಿಕಾರನು ಆ ಆಸೆಗೆ ಬೀಳಲಿಲ್ಲ. ನಮ್ಮದೇ ಗದಗ ಸೀಮೆಯ ಕುರ್ತಕೋಟಿಯ ಕಲ್ಮೇಶನನ್ನು ನೆನೆದು, ತಾನು ಬಲ್ಲಷ್ಟನ್ನೇ ಹಾಡಿದೆನೆಂದು ಮುಗಿಸಿಬಿಡುತ್ತಾನೆ.

ಈಗ ನಾನು ಆ ಕೊನೆಯ ಪಟ್ಟಿಯನ್ನು ನಿಧಾನವಾಗಿ ಓದುತ್ತೇನೆ. ಬೀಸುಕಲ್ಲಿನ ಹತ್ತಿರ ನಿಂತು, ಅವ್ವ ಕೇಳಿದ ಪ್ರಶ್ನೆಯನ್ನು ಹುಡುಗರಿಗೂ ಕೇಳುತ್ತೇನೆ.